ಡಸ್ಟ್ ಕಲೆಕ್ಟರ್ ಇದೆ, 30 ಅಡಿ ಹೋಸ್ ಇದೆ, ಎಳೆತ ಮಾತ್ರ ಇಲ್ಲ!

ಪ್ರಶ್ನೆ: ಮೈಸೂರಿನಲ್ಲಿ ಮನೆಯ ಕಾರ್ ಶೆಡ್ಡನ್ನೇ ಮರಗೆಲಸದ ಜಾಗ ಮಾಡಿಕೊಂಡಿದ್ದೇನೆ. 10 ಅಡಿ ಅಗಲ, 18 ಅಡಿ ಉದ್ದ. 10 ಇಂಚಿನ ಸಣ್ಣ ಟೇಬಲ್ ಸಾ (ಮೇಜಿನ ಗರಗಸ), ಹಲಗೆ ಹೆರೆಯುವ 13 ಇಂಚಿನ ಪ್ಲೇನರ್, ಅಡ್ಡ ಕೊಯ್ಯುವ ಮೈಟರ್ ಸಾ, ಮರ ಉಜ್ಜುವ ಒಂದು ಸ್ಯಾಂಡರ್ ಇವೆ. ಮೂರು ತಿಂಗಳ ಹಿಂದೆ 1 ಎಚ್‌ಪಿ ಡಸ್ಟ್ ಕಲೆಕ್ಟರ್ (ಹೊಟ್ಟು, ದೂಳು ಎಳೆದು ಚೀಲಕ್ಕೆ ತುಂಬುವ ಮೆಷಿನ್) ತಂದೆ. ಅದನ್ನು ಮೂಲೆಯಲ್ಲಿಟ್ಟು, ಎಲ್ಲ ಮೆಷಿನ್ನಿಗೂ ಮುಟ್ಟಲಿ ಅಂತ 4 ಇಂಚಿನ ಫ್ಲೆಕ್ಸಿಬಲ್ ಹೋಸ್ 30 ಅಡಿ ಹಾಕಿದೆ. ಟೇಬಲ್ ಸಾದ ದೂಳಿನ ಬಾಯಿ ಎರಡೂವರೆ ಇಂಚು, ಹಾಗಾಗಿ ಅಲ್ಲಿ ದೊಡ್ಡ ಹೋಸನ್ನು ಸಣ್ಣ ಬಾಯಿಗೆ ಕೂಡಿಸುವ ಒಂದು ರೆಡ್ಯೂಸರ್. ಕಲೆಕ್ಟರಿನ ಬಾಯಿಗೆ ಕೈ ಇಟ್ಟರೆ ಜೋರಾಗಿ ಎಳೆಯುತ್ತದೆ. ಗರಗಸದ ಹತ್ತಿರ ಮಾತ್ರ ಏನೂ ಇಲ್ಲ. ಹೋಸ್ ಜೋತುಬಿದ್ದ ಕಡೆಯೆಲ್ಲ ಹೊಟ್ಟು ತುಂಬಿಕೊಳ್ಳುತ್ತದೆ. ಅಂಗಡಿಯವರು 2 ಎಚ್‌ಪಿ ತಗೊಳ್ಳಿ ಅನ್ನುತ್ತಾರೆ. ಗೋಡೆಗೆ ಪಿವಿಸಿ ಪೈಪ್ ಹಾಕೋಣ ಅಂದರೆ, ಸ್ಟ್ಯಾಟಿಕ್ ಕರೆಂಟಿನಿಂದ ಬೆಂಕಿ ಬೀಳುತ್ತದೆ ಅಂತ ಸ್ನೇಹಿತರೊಬ್ಬರು ಹೆದರಿಸಿದ್ದಾರೆ. ಏನು ಮಾಡಲಿ? ಈ 30 ಅಡಿ ಹೋಸ್ ದಂಡವಾಯಿತಾ?

ಉತ್ತರ: ಮೊದಲು ಒಂದು ಮಾತು. 2 ಎಚ್‌ಪಿ ತರಬೇಡಿ, ಈಗಿರುವ ಮೆಷಿನ್ ಚೆನ್ನಾಗಿಯೇ ಇದೆ. ಅದರ ಬಾಯಲ್ಲಿ ಎಳೆತ ಇದೆ, ಗರಗಸದ ಹತ್ತಿರ ಇಲ್ಲ ಅಂದರೆ ಎಳೆತ ದಾರಿಯಲ್ಲೇ ಖರ್ಚಾಗುತ್ತಿದೆ ಅಂತ ತಾನೇ ಅರ್ಥ? ಆ ಖರ್ಚು ಎಲ್ಲೆಲ್ಲಿ ಆಗುತ್ತಿದೆ ಅಂತ ಮೊದಲು ನೋಡೋಣ. ಗೋಡೆಗೆ ಮೊಳೆ ಹೊಡೆಯುವುದು ಆಮೇಲೆ.

ಡಸ್ಟ್ ಕಲೆಕ್ಟರನ್ನು ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಅಂದುಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ವ್ಯಾಕ್ಯೂಮ್ ಕ್ಲೀನರ್ ಎಳನೀರಿಗೆ ಸ್ಟ್ರಾ ಹಾಕಿ ಹೀರುವ ಬಾಯಿಯ ಹಾಗೆ. ಬಲ ಜಾಸ್ತಿ, ಗಾಳಿ ಕಮ್ಮಿ. ಡಸ್ಟ್ ಕಲೆಕ್ಟರ್ ಕಣದಲ್ಲಿ ರಾಗಿ ತೂರುವಾಗ ಬೀಸುವ ಗಾಳಿಯ ಹಾಗೆ. ಮೆತ್ತಗಿರುತ್ತದೆ, ಆದರೆ ಧಾರಾಳವಾಗಿರುತ್ತದೆ. ಅಂಕಿಯಲ್ಲಿ ಹೇಳುವುದಾದರೆ, ವರ್ಕ್‌ಶಾಪಿನ ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ 80 ಇಂಚಿನಷ್ಟು ಎತ್ತರಕ್ಕೆ ನೀರನ್ನು ಎಳೆಯಬಲ್ಲದು. ಆದರೆ ನಿಮಿಷಕ್ಕೆ ಅದು ಸಾಗಿಸುವ ಗಾಳಿ ನೂರು, ನೂರಿಪ್ಪತ್ತು ಘನ ಅಡಿ ಅಷ್ಟೇ. ನಿಮ್ಮ ಕಲೆಕ್ಟರ್ ನೀರನ್ನು 8 ಇಂಚು ಎತ್ತಿದರೆ ಹೆಚ್ಚು. ಗಾಳಿ ಮಾತ್ರ ನಿಮಿಷಕ್ಕೆ 350 ಘನ ಅಡಿಯಷ್ಟು ಸಾಗಿಸುತ್ತದೆ, ದಾರಿ ಸಲೀಸಾಗಿದ್ದರೆ. ಪೆಟ್ಟಿಗೆಯ ಮೇಲೆ ಇದರ ಎರಡರಷ್ಟು ಬರೆದಿರಬಹುದು. ಅದು ಸಾಮಾನ್ಯವಾಗಿ ಹೋಸೇ ಇಲ್ಲದೆ ಅಳೆದ ಅಂಕಿ. ಅದನ್ನು ನಂಬಿಕೊಂಡು ಕೂರಬೇಡಿ.

ಅಂದರೆ ನಿಮ್ಮ ಕೈಯಲ್ಲಿ ಖರ್ಚು ಮಾಡಲಿಕ್ಕೆ ಇರುವುದು 8 ಇಂಚು. ಅದೇ ಬಂಡವಾಳ. ಇನ್ನು ಖರ್ಚಿನ ಕಡೆ ಬನ್ನಿ. ಹೋಸಿನ ಒಳಗೆ ಬೆರಳು ಹಾಕಿ ಸವರಿ ನೋಡಿ. ತಂತಿಯ ಸುರುಳಿ ಇರುವ ಕಡೆಯೆಲ್ಲ ಏಣು ಏಣಾಗಿದೆ ಅಲ್ವಾ? ಗಾಳಿ ಪ್ರತಿ ಏಣಿಗೂ ಎಡವಿಕೊಂಡೇ ಹೋಗಬೇಕು. ಅಷ್ಟೇ ಉದ್ದದ ನುಣುಪಾದ ಪೈಪಿಗೆ ಹೋಲಿಸಿದರೆ ಇಂಥ ಹೋಸಿನಲ್ಲಿ ಎರಡರಿಂದ ಮೂರು ಪಟ್ಟು ನಷ್ಟ. ಹೋಸನ್ನು ಪೂರ್ತಿ ಎಳೆಯದೆ ಕುಗ್ಗಿಸಿ ಇಟ್ಟಿದ್ದರೆ ಏಣುಗಳು ಇನ್ನೂ ಒತ್ತೊತ್ತಾಗಿ ನಷ್ಟ ಇನ್ನೂ ಜಾಸ್ತಿ. ನನ್ನ ಲೆಕ್ಕದಲ್ಲಿ, ಹೊಟ್ಟು ಸಾಗಿಸುವಷ್ಟು ಗಾಳಿ ನಿಮ್ಮ 30 ಅಡಿ ಹೋಸಿನಲ್ಲಿ ಹರಿಯಬೇಕಾದರೆ ಬರೀ ಹೋಸಿಗೇ 5 ಇಂಚಿನಷ್ಟು ಹೋಗುತ್ತದೆ. ಉಳಿಯುವುದು ಮೂರು. ಅದರಲ್ಲೇ ಬಾಗು, ರೆಡ್ಯೂಸರ್, ಗರಗಸದ ಡಬ್ಬಿ, ಚೀಲ ಎಲ್ಲ ನಡೆಯಬೇಕು.

ಹೋಸಿಗಿಂತ ದೊಡ್ಡ ಕಳ್ಳ ಇರುವುದು ಆ ಎರಡೂವರೆ ಇಂಚಿನ ಬಾಯಲ್ಲಿ. ಎರಡೂವರೆ ಅಂದರೆ ನಾಲ್ಕರ ಅರ್ಧಕ್ಕಿಂತ ಜಾಸ್ತಿಯೇ ಅಲ್ವಾ ಅನ್ನಿಸುತ್ತದೆ. ಆದರೆ ಗಾಳಿಗೆ ಬೇಕಾದದ್ದು ಅಡ್ಡಳತೆಯಲ್ಲ, ತೂತಿನ ವಿಸ್ತೀರ್ಣ. 4 ಇಂಚಿನ ತೂತು ಸುಮಾರು 12.6 ಚದರ ಇಂಚು, ಎರಡೂವರೆಯದು 4.9. ಶೇಕಡಾ 40 ಕೂಡ ಇಲ್ಲ. 350 ಘನ ಅಡಿ ಗಾಳಿಯನ್ನು ಅದರೊಳಗೆ ತೂರಿಸಲು ನಿಮ್ಮ ಹತ್ತಿರ ಇರುವ ಬಂಡವಾಳ ಸಾಲುವುದಿಲ್ಲ. ಹಾಗಾಗಿ ಗಾಳಿ ಅರ್ಧಕ್ಕೆ ಇಳಿಯುತ್ತದೆ.

ಹೊಟ್ಟು ಯಾಕೆ ಹೋಸಿನಲ್ಲೇ ಕೂರುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಮರದ ಹೊಟ್ಟು, ಚಕ್ಕೆ ಅಡ್ಡ ಪೈಪಿನಲ್ಲಿ ತಳಕ್ಕೆ ಕೂರದೆ ಹೋಗಬೇಕಾದರೆ ಗಾಳಿಗೆ ನಿಮಿಷಕ್ಕೆ 3500ರಿಂದ 4000 ಅಡಿ ವೇಗ ಬೇಕು. 4000 ಅಡಿ ಅಂದರೆ ಗಂಟೆಗೆ 73 ಕಿಲೋಮೀಟರ್, ಊರಾಚೆ ರಸ್ತೆಯಲ್ಲಿ ಕಾರು ಹೋಗುವ ವೇಗ. 4 ಇಂಚಿನ ಹೋಸಿನಲ್ಲಿ 350 ಘನ ಅಡಿ ಹರಿದರೆ ಸರಿಯಾಗಿ ಆ ವೇಗ ಬರುತ್ತದೆ. ಗಾಳಿ ಅರ್ಧವಾದರೆ ವೇಗವೂ ಅರ್ಧ. ಸಣ್ಣ ಬಾಯಲ್ಲಿ ಸುಂಯ್ ಅಂತ ಒಳಗೆ ಬಂದ ಹೊಟ್ಟು, ದೊಡ್ಡ ಹೋಸಿಗೆ ಬಂದ ಕೂಡಲೇ ಸುಸ್ತಾಗಿ ತಳಕ್ಕೆ ಕೂರುತ್ತದೆ. ಜೋತುಬಿದ್ದ ಕಡೆ ಗುಡ್ಡೆಯಾಗುತ್ತದೆ. ಗುಡ್ಡೆ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಆಮೇಲೆ ನೀವು ಹೋಸನ್ನು ಎತ್ತಿ ಕೊಡವುತ್ತೀರಿ. ಅಲ್ವಾ?

2 ಎಚ್‌ಪಿ ತಂದರೆ ಯಾಕೆ ಪ್ರಯೋಜನವಿಲ್ಲ ಅಂತ ಈಗ ಹೇಳುತ್ತೇನೆ. ಎಳೆಯುವ ಒತ್ತಡ ಎರಡು ಪಟ್ಟಾದರೂ ಅದೇ ಹೋಸಿನಲ್ಲಿ ಗಾಳಿ ಎರಡು ಪಟ್ಟಾಗುವುದಿಲ್ಲ, 1.4 ಪಟ್ಟು ಆಗುತ್ತದೆ. ಮೋಟರ್ ಎರಡು ಪಟ್ಟು ದೊಡ್ಡದಾದ ಮಾತ್ರಕ್ಕೆ ಒತ್ತಡವೂ ಎರಡು ಪಟ್ಟಾಗುವುದಿಲ್ಲ. 8 ಇಂಚಿದ್ದದ್ದು 10 ಆಯಿತು ಅಂತಿಟ್ಟುಕೊಳ್ಳಿ, ನಿಮಗೆ ಸಿಗುವ ಲಾಭ ಶೇಕಡಾ 12. ಅದೇ ಹೋಸನ್ನು 30 ಅಡಿಯಿಂದ 8 ಅಡಿಗೆ ಇಳಿಸಿದರೆ, ಬಾಯಿ ಕಿರಿದಾಗಿಲ್ಲದ ಪ್ಲೇನರಿನಂಥ ಕಡೆ ಒಂದು ರೂಪಾಯಿ ಖರ್ಚಿಲ್ಲದೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ನನ್ನ ಮಾತನ್ನೇ ನಂಬಬೇಕಾಗಿಲ್ಲ, ನೀವೇ ಅಳೆಯಬಹುದು. ಗಾರೆಯವರು ಮಟ್ಟ ನೋಡಲು ಬಳಸುವ ತೆಳ್ಳಗಿನ ಟ್ರಾನ್ಸ್‌ಪರೆಂಟ್ ಟ್ಯೂಬ್ ಇದೆಯಲ್ಲ, ಅದು ಏಳೆಂಟು ಅಡಿ ತನ್ನಿ. ಒಂದು ಹಲಗೆಯ ಮೇಲೆ ಅದನ್ನು ಇಂಗ್ಲಿಷ್ ಯು ಅಕ್ಷರದ ಹಾಗೆ ಬಗ್ಗಿಸಿ ಕಟ್ಟಿ. ಎರಡೂ ಕಾಲು ಒಂದೊಂದು ಅಡಿಗಿಂತ ಎತ್ತರ ಇರಲಿ. ಅರ್ಧದವರೆಗೆ ನೀರು ಹಾಕಿ. ಬರೀ ನೀರು ಕಣ್ಣಿಗೆ ಕಾಣುವುದಿಲ್ಲ, ಚಿಟಿಕೆ ಕುಂಕುಮ ಕಲಸಿ. ಪಕ್ಕದಲ್ಲಿ ಒಂದು ಸ್ಕೇಲ್ ಅಂಟಿಸಿ. ಈಗ ಕಲೆಕ್ಟರಿನ ಬಾಯಿಯ ಹತ್ತಿರ ಕಾಲರಿನಲ್ಲಿ ಟ್ಯೂಬ್ ಹಿಡಿಯುವಷ್ಟು ತೂತು ಕೊರೆದು ಒಂದು ತುದಿ ಸಿಕ್ಕಿಸಿ. ಒಳಗೆ ಚಾಚಿಕೊಂಡಿರಬಾರದು, ಗೋಡೆಗೆ ಸಮ ಇರಬೇಕು. ಇನ್ನೊಂದು ತುದಿ ಬಯಲಿಗೆ ಬಿಡಿ. ಮೆಷಿನ್ ಹಾಕಿದರೆ ಒಂದು ಕಾಲಿನಲ್ಲಿ ನೀರು ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಇಂಚಿನ ಲೆಕ್ಕದಲ್ಲಿ ನಿಮ್ಮ ಎಳೆತ. ಹೋಸಿನ ಆ ತುದಿಯನ್ನು ಪೂರ್ತಿ ಮುಚ್ಚಿ ನೋಡಿದರೆ ಒಟ್ಟು ಬಂಡವಾಳ ಎಷ್ಟು ಅಂತ ಗೊತ್ತಾಗುತ್ತದೆ. ಆಮೇಲೆ ಮಾಮೂಲಿನಂತೆ ಗರಗಸಕ್ಕೆ ಜೋಡಿಸಿ, ಒಮ್ಮೆ ಕಲೆಕ್ಟರಿನ ಹತ್ತಿರ, ಒಮ್ಮೆ ರೆಡ್ಯೂಸರಿಗೆ ಸ್ವಲ್ಪ ಮೊದಲು ಅಳೆಯಿರಿ. ಇಲ್ಲಿ 7, ಅಲ್ಲಿ 2 ಬಂದರೆ ಐದನ್ನು ಹೋಸ್ ನುಂಗಿತು. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಂದು, ಎರಡೂ ಜಾಸ್ತಿಯೇ ಇದ್ದರೆ ಅಡ್ಡಿ ಇರುವುದು ಗರಗಸದ ಬಾಯಲ್ಲಿ. ಈ ಟ್ಯೂಬನ್ನು ವ್ಯಾಕ್ಯೂಮ್ ಕ್ಲೀನರಿಗೆ ಮಾತ್ರ ಹಚ್ಚಬೇಡಿ. ನೀರೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ನಾನು ಹಚ್ಚಿದ್ದೆ.

ಈಗ ಮಾಡಬೇಕಾದ ಕೆಲಸ. ಹೋಸನ್ನು ಮೆಷಿನ್ನುಗಳ ಹತ್ತಿರ ಒಯ್ಯುವ ಬದಲು ಮೆಷಿನ್ನುಗಳನ್ನು ಕಲೆಕ್ಟರಿನ ಹತ್ತಿರ ತನ್ನಿ. 18 ಅಡಿ ಉದ್ದದ ಗೋಡೆಯ ಸರಿಮಧ್ಯದಲ್ಲಿ ಕಲೆಕ್ಟರ್, ಅದರ ಎಡಕ್ಕೆ ಟೇಬಲ್ ಸಾ, ಬಲಕ್ಕೆ ಪ್ಲೇನರ್. ಎರಡಕ್ಕೂ ಆರೆಂಟು ಅಡಿ ಹೋಸ್ ಸಾಕು. ಒಂದೇ ಹೋಸ್ ಇಟ್ಟುಕೊಂಡು, ಯಾವ ಮೆಷಿನ್ ಓಡುತ್ತದೋ ಅದಕ್ಕೆ ತಗುಲಿಸಿ. ಒಬ್ಬರೇ ಕೆಲಸ ಮಾಡುವವರಿಗೆ ಎರಡು ಮೆಷಿನ್ ಒಟ್ಟಿಗೆ ಓಡುವುದಿಲ್ಲವಲ್ಲ. ಕಾರ್ ಶೆಡ್ಡಿಗೆ ಕಾರ್ಖಾನೆಯ ಹಾಗೆ ಗೋಡೆಯ ತುಂಬ ಪೈಪಿನ ಜಾಲ ಬೇಕಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೋಡಲು ಚೆಂದ, ಅಷ್ಟೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ಗೋಡೆಯ ಆಚೆ ನಿಮ್ಮದೇ ಜಾಗ ಇದ್ದರೆ ಕಲೆಕ್ಟರನ್ನೇ ಹೊರಗೆ, ಸಜ್ಜದ ಕೆಳಗೆ ಇಟ್ಟು ಹೋಸನ್ನು ಗೋಡೆಯ ತೂತಿನಿಂದ ಒಳಗೆ ತನ್ನಿ. ಅಮೆರಿಕ, ಕೆನಡಾದವರ ವಿಡಿಯೋಗಳಲ್ಲಿ ಇದನ್ನು ಅಷ್ಟಾಗಿ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಆರು ತಿಂಗಳು ಚಳಿ. ಹೀಟರ್ ಹಾಕಿ ಕಾಯಿಸಿದ ಗಾಳಿಯನ್ನು ಯಾರು ತಾನೇ ಹೊರಗೆ ಬಿಡುತ್ತಾರೆ? ಹಾಗಾಗಿ ಅವರು ದುಬಾರಿ ಫಿಲ್ಟರ್ ಹಾಕಿ ಗಾಳಿಯನ್ನು ಒಳಗೇ ತಿರುಗಿಸುತ್ತಾರೆ. ಮೈಸೂರಿನಲ್ಲಿ ನಮಗೆ ಆ ಕಷ್ಟ ಯಾಕೆ? ಕಿಟಕಿ ತೆಗೆಯಿರಿ, ಗಾಳಿ ಒಳಗೆ ಬರಲಿ, ಕಲೆಕ್ಟರ್ ಅದನ್ನು ಹೊರಗೆ ಹಾಕಲಿ. ಸೂರು 10 ಅಡಿ ಇದ್ದರೆ ನಿಮ್ಮ ಶೆಡ್ಡಿನಲ್ಲಿರುವುದು 1800 ಘನ ಅಡಿ ಗಾಳಿ. ನಿಮಿಷಕ್ಕೆ 350ರಂತೆ ಐದು ನಿಮಿಷಕ್ಕೊಮ್ಮೆ ಇಡೀ ಕೋಣೆಯ ಗಾಳಿ ಬದಲಾಗುತ್ತದೆ. ಸದ್ದೂ ಹೊರಗೆ ಹೋಗುತ್ತದೆ. ಪಕ್ಕದ ಮನೆಯವರ ಕಾಂಪೌಂಡು ಅಂಟಿಕೊಂಡಿದ್ದರೆ ಮಾತ್ರ ಯೋಚಿಸಿ. ಅವರು ಬಟ್ಟೆ ಒಣಹಾಕುವ ಜಾಗ ಎಲ್ಲಿದೆ ಅಂತ ನೋಡಿಕೊಳ್ಳಿ.

ಟೇಬಲ್ ಸಾಗೆ ಎರಡನೇ ಬಾಯಿ ಕೊಡಬೇಕು. 4 ಇಂಚಿನ ಹೋಸಿನ ತುದಿಗೆ ಒಂದು ವೈ (ಇಂಗ್ಲಿಷ್ ವೈ ಅಕ್ಷರದ ಹಾಗೆ ಕವಲೊಡೆದ ಜೋಡಣೆ) ಹಾಕಿ, ಎರಡು ಕವಲನ್ನೂ ಎರಡೂವರೆ ಇಂಚಿಗೆ ಇಳಿಸಿ. ಒಂದು ಗರಗಸದ ಕೆಳಗಿನ ಬಾಯಿಗೆ, ಇನ್ನೊಂದು ಬ್ಲೇಡಿನ ಮೇಲಿನ ಗಾರ್ಡಿಗೆ, ಅಂದರೆ ಕೈಗೆ ತಾಗದಂತೆ ಇರುವ ಮುಚ್ಚಳಕ್ಕೆ. ಎರಡೂ ಸೇರಿ 9.8 ಚದರ ಇಂಚು, 12.6ಕ್ಕೆ ಹತ್ತಿರ ಹತ್ತಿರ ಬಂತು. ಬ್ಲೇಡ್ ನಿಮ್ಮ ಮುಖಕ್ಕೆ ಎರಚುವ ದೂಳು ಇದೆಯಲ್ಲ, ಅದನ್ನು ಕೆಳಗಿನ ಬಾಯಿ ಎಷ್ಟು ಎಳೆದರೂ ಹಿಡಿಯುವುದಿಲ್ಲ. ಮೇಲಿನಿಂದಲೇ ಎಳೆಯಬೇಕು. ಗಾರ್ಡಿನಲ್ಲಿ ಹೋಸ್ ಸಿಕ್ಕಿಸುವ ಜಾಗ ಇಲ್ಲದಿದ್ದರೆ ಗಾರ್ಡನ್ನು ತೆಗೆದು ಬಿಸಾಡಬೇಡಿ. ಹೋಸಿನ ತುದಿಯನ್ನು ಮೇಲಿನಿಂದ ಒಂದು ತೋಳಿಗೆ ಕಟ್ಟಿ ಅದರ ಹಿಂದೆ ನಿಲ್ಲಿಸಿ. ಇಂಥ ಸಣ್ಣ ಗರಗಸಗಳ ತಳ ಎಷ್ಟೋ ಸಲ ಪೂರ್ತಿ ತೆರೆದೇ ಇರುತ್ತದೆ. ತಳವನ್ನು ಒಂದು ಪ್ಲೈವುಡ್ ತುಂಡಿನಿಂದ ಮುಚ್ಚಿ. ಆದರೆ ಮೋಟರಿನ ಗಾಳಿಕಿಂಡಿಗೆ ಅಡ್ಡ ಬರಬಾರದು. ಇಡೀ ಡಬ್ಬಿಯನ್ನು ಟೇಪ್ ಸುತ್ತಿ ಬಿಗಿ ಮಾಡುವುದೂ ತಪ್ಪೇ. ಒಳಗೆ ಬರುವ ಗಾಳಿಗೆ ಜಾಗ ಇದ್ದರೆ ತಾನೇ ಹೊರಗೆ ಹೋಗುವ ಗಾಳಿ?

ಪ್ಲೇನರಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. 4 ಇಂಚಿನ ಹೋಸ್ ನೇರವಾಗಿ ಕೊಡಿ, ಎಲ್ಲಿಯೂ ಕಿರಿದು ಮಾಡಬೇಡಿ, ಅಷ್ಟೇ. ಅದರ ಸುರುಳಿ ಚಕ್ಕೆಗಳು ದೊಡ್ಡವು, ಕಿರಿದಾದ ಕಡೆ ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತವೆ. ಮೈಟರ್ ಸಾ ವಿಷಯದಲ್ಲಿ ಪೂರ್ತಿ ಗೆದ್ದವರನ್ನು ನಾನು ಈವರೆಗೆ ನೋಡಿಲ್ಲ. ಅದರ ಹಿಂದೆ ಮೂರು ಕಡೆ ಮುಚ್ಚಿದ ಗೂಡಿನಂಥ ಡಬ್ಬಿ ಮಾಡಿ, ಡಬ್ಬಿಯ ಹಿಂಭಾಗಕ್ಕೆ ಹೋಸ್ ಕೊಟ್ಟರೆ ಮುಕ್ಕಾಲು ಪಾಲು ಹಿಡಿಯಬಹುದು.

ಮೈಟರ್ ಸಾ ಶೆಡ್ಡಿನ ಆ ತುದಿಯಲ್ಲೇ ಇರಬೇಕು ಅಂತಾದರೆ ಮಾತ್ರ ಗೋಡೆಗೆ ಪಿವಿಸಿ ಹಾಕಿ. ಮನೆಯ ಚರಂಡಿಗೆ ಹಾಕುವ 110 ಎಂಎಂ ಎಸ್‌ಡಬ್ಲ್ಯುಆರ್ ಪೈಪ್ ಇದಕ್ಕೆ ಹೇಳಿ ಮಾಡಿಸಿದ್ದು. ಒಳಗೆ ನುಣುಪು, ಯಾವ ಊರಿನಲ್ಲೂ ಸಿಗುತ್ತದೆ. ಪ್ಲಂಬರನ್ನು ಕರೆಸುತ್ತೀರಾದರೆ ಅವರಿಗೆ ಹೀಗೆ ಹೇಳಿ: ಕಮೋಡ್ ಇರುವುದು ಗರಗಸದ ಜಾಗದಲ್ಲಿ, ಚೇಂಬರ್ ಇರುವುದು ಕಲೆಕ್ಟರ್ ಜಾಗದಲ್ಲಿ. ತಕ್ಷಣ ಅರ್ಥವಾಗುತ್ತದೆ. ಪೈಪಿನ ಅಗಲವಾದ ಸಾಕೆಟ್ ಬಾಯಿ ಗರಗಸದ ಕಡೆ, ಸಪೂರ ತುದಿ ಕಲೆಕ್ಟರ್ ಕಡೆ ಬರುತ್ತದೆ. ವೈಯ ಕವಲು ಹರಿವಿನ ಕಡೆಗೆ ವಾಲಿರುತ್ತದೆ. ಟೀ (ನೇರ ಪೈಪಿಗೆ 90 ಡಿಗ್ರಿಯಲ್ಲಿ ಅಡ್ಡ ಬರುವ ಕವಲು) ಹಾಕಲು ಬಿಡಬೇಡಿ. 90 ಡಿಗ್ರಿಯ ಒಂದೇ ಬಾಗು ಬೇಡ, 45ರ ಎರಡು ಬಾಗು, ನಡುವೆ ಸ್ವಲ್ಪ ನೇರ ಪೈಪ್. ಒಂದೆರಡು ಕಡೆ ಡೋರ್ ಇರುವ ಬೆಂಡ್ ಹಾಕಿಸಿ. ಚಕ್ಕೆ ಸಿಕ್ಕಿಕೊಂಡಾಗ ಆ ಬಾಗಿಲು ಬಿಚ್ಚಿ ಕೈ ಹಾಕಬಹುದು. ಈ ಸೌಕರ್ಯ ಚರಂಡಿ ಪೈಪಿನವರು ನಮಗೆ ಪುಕ್ಕಟೆ ಕೊಟ್ಟದ್ದು. ಸೊಲ್ಯೂಷನ್ ಹಾಕಿ ಅಂಟಿಸಬೇಡಿ. ರಬ್ಬರ್ ರಿಂಗಿನ ಜೋಡಣೆ ಸಾಕು, ನಾಳೆ ಮೆಷಿನ್ ಜಾಗ ಬದಲಾದರೆ ಬಿಚ್ಚಬಹುದು.

ಒಂದು ತೊಡಕು ಇದೆ. 110 ಅನ್ನುವುದು ಪೈಪಿನ ಹೊರಗಿನ ಅಳತೆ. ನಿಮ್ಮ 4 ಇಂಚಿನ ಹೋಸಿನ ಒಳಗಿನ ಅಳತೆ 100ರಿಂದ 102 ಎಂಎಂ. ಹೋಸ್ ಪೈಪಿನ ಮೇಲೆ ಕೂರುವುದಿಲ್ಲ. ಇದಕ್ಕೆ ನಾನು ಮಾಡುವುದು ಹೀಗೆ. ಅದೇ ಪೈಪಿನಿಂದ 6 ಇಂಚು ಉದ್ದದ ತುಂಡು ಕತ್ತರಿಸಿ. ಉದ್ದಕ್ಕೂ 28 ಎಂಎಂ ಅಗಲದ ಒಂದು ಪಟ್ಟಿಯನ್ನು ಹ್ಯಾಕ್ಸಾದಿಂದ ಕೊಯ್ದು ತೆಗೆದುಬಿಡಿ. ಉಳಿದ ತುಂಡನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ. ಅದು ಚಪ್ಪಲಿಯ ರಬ್ಬರಿನಷ್ಟು ಮೆತ್ತಗಾಗುತ್ತದೆ. ಬಟ್ಟೆ ಹಿಡಿದು ತೆಗೆದು, ಸೀಳಿನ ಎರಡು ಅಂಚು ಮುಟ್ಟುವ ಹಾಗೆ ಒತ್ತಿ, ದಾರ ಸುತ್ತಿ, ತಣ್ಣೀರಿಗೆ ಹಾಕಿ. ಈಗ ಅದರ ಹೊರಗಿನ ಅಳತೆ 101 ಎಂಎಂ ಆಸುಪಾಸು. ಅರ್ಧ ಭಾಗ ಹೋಸಿನ ಒಳಗೆ ಬಿಗಿಯಾಗಿ ಹೋಗುತ್ತದೆ. ಇನ್ನರ್ಧ ಪೈಪಿನ ಒಳಗೆ ಸ್ವಲ್ಪ ಸಡಿಲವಾಗಿ ಹೋಗುತ್ತದೆ, ಅಲ್ಲಿ ಇನ್ಸುಲೇಷನ್ ಟೇಪ್ ಬಿಗಿಯಾಗುವಷ್ಟು ಸುತ್ತು ಸುತ್ತಿದರೆ ಕೂತುಬಿಡುತ್ತದೆ. ಸೀಳಿನ ಮೇಲೂ ಉದ್ದಕ್ಕೆ ಟೇಪ್ ಹಚ್ಚಿ. ಗ್ಯಾಸ್ ಒಲೆಯ ಮೇಲೆ ನೇರವಾಗಿ ಕಾಯಿಸಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ವಿಷ.

ಹೋಸಿನ ಮೇಲೆ ಕ್ಲಿಪ್ ಹಾಕುವಾಗ ತಂತಿಯ ಏಣು ಕ್ಲಿಪ್ಪಿನ ಅಡಿ ಹಾದುಹೋಗುವ ಕಡೆ ಸಂದು ಉಳಿಯುತ್ತದೆ, ಅಲ್ಲಿ ಗಾಳಿ ಸೋರುತ್ತದೆ. ಒಂದು ಚೂರು ಸಿಲಿಕೋನ್ ಒತ್ತಿ. ಸೋರುವ ಜಾಗ ಹುಡುಕಲು ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಹಿಡಿದು ಜೋಡಣೆಗಳ ಸುತ್ತ ಆಡಿಸಿ, ಸೋರುವ ಕಡೆ ಅಂಟಿಕೊಳ್ಳುತ್ತದೆ. ಊದಿನಕಡ್ಡಿ ಹಿಡಿಯಿರಿ ಅಂತ ಕೆಲವರು ಹೇಳುತ್ತಾರೆ. ಹೊಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರ ಕೆಂಡವೂ ಒಳಗೆ ಹೋದರೆ ಸೇರುವುದು ಹೊಟ್ಟಿನ ಚೀಲಕ್ಕೆ.

ಪೈಪ್ ಹಾಕಿದರೆ ಪ್ರತಿ ಕವಲಿಗೂ ಒಂದು ಗೇಟು ಬೇಕು. ಪ್ಲೈವುಡ್ ಚೌಕಟ್ಟಿನಲ್ಲಿ ಜಾರುವ ಅಕ್ರಿಲಿಕ್ ಹಾಳೆ ಸಾಕು, ಒಂದು ಭಾನುವಾರದ ಕೆಲಸ. ಹಾಳೆ ಜಾರುವ ಗ್ರೂವಿನ ಕೊನೆಯನ್ನು ಮುಚ್ಚದೆ ಬಿಡಿ. ಮುಚ್ಚಿದರೆ ಮೂಲೆಯಲ್ಲಿ ದೂಳು ಗಟ್ಟಿಯಾಗಿ ಕೂತು, ಒಂದು ತಿಂಗಳಲ್ಲಿ ಗೇಟು ಪೂರ್ತಿ ಮುಚ್ಚುವುದೇ ಇಲ್ಲ. ಎಲ್ಲ ಗೇಟು ಮುಚ್ಚಿದರೆ ಮೋಟರ್ ಸುಡುತ್ತದಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ. ಈ ಬಗೆಯ ಬ್ಲೋವರಿನಲ್ಲಿ ಗಾಳಿ ಕಮ್ಮಿಯಾದರೆ ಮೋಟರಿನ ಮೇಲೆ ಹೊರೆಯೂ ಕಮ್ಮಿಯಾಗುತ್ತದೆ. ಹೋಸೇ ಇಲ್ಲದೆ ಬಾಯಿ ಬಿಟ್ಟು ಓಡಿಸಿದಾಗಲೇ ಅದು ಜಾಸ್ತಿ ಕರೆಂಟು ಎಳೆಯುವುದು. ಕರೆಂಟಿನ ಮಾತು ಬಂತು: ಟೇಬಲ್ ಸಾ ಮತ್ತು ಕಲೆಕ್ಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಎರಡಕ್ಕೂ ಬೇರೆ ಬೇರೆ 16 ಆಂಪ್ ಸಾಕೆಟ್ ಇರಲಿ.

ಇನ್ನು ನಿಮ್ಮ ಸ್ನೇಹಿತರ ಭಯ. ಪಿವಿಸಿಯಲ್ಲಿ ಹೊಟ್ಟು ಉಜ್ಜಿಕೊಂಡು ಹೋದರೆ ಸ್ಟ್ಯಾಟಿಕ್ ಹುಟ್ಟುವುದು ನಿಜ. ಡಿಸೆಂಬರಿನಿಂದ ಮಾರ್ಚಿನವರೆಗೆ, ಗಾಳಿ ಒಣಗಿರುವಾಗ, ಪೈಪ್ ಮುಟ್ಟಿದರೆ ಚುರುಕ್ ಅನ್ನುತ್ತದೆ. ಬರಿಯ ತಾಮ್ರದ ತಂತಿಯನ್ನು ಪೈಪಿಗೆ ಸುತ್ತಿ ಅರ್ತಿಂಗಿಗೆ ಕೊಟ್ಟರೆ ಆ ಚುರುಕು ಕಮ್ಮಿಯಾಗುತ್ತದೆ. ಹೋಸಿನೊಳಗಿನ ಉಕ್ಕಿನ ತಂತಿಯ ತುದಿಯನ್ನೂ ಮೆಷಿನ್ನಿನ ಲೋಹದ ಭಾಗಕ್ಕೆ ಮುಟ್ಟಿಸಿ. ಪಿವಿಸಿಯೇ ಕರೆಂಟು ಹರಿಯದ ವಸ್ತು, ಹಾಗಾಗಿ ಇಡೀ ಪೈಪನ್ನು ಅರ್ತ್ ಮಾಡಿದೆ ಅಂದುಕೊಳ್ಳುವುದು ಸುಮ್ನೆ ಸಮಾಧಾನಕ್ಕೆ. ಆದರೆ ಮನೆಯ ಶೆಡ್ಡಿನಲ್ಲಿ ನಾನು ಹೆದರುವುದು ಈ ಕಿಡಿಗಲ್ಲ. ಹಳೆ ಮನೆ ಕೆಡವಿದಾಗ ತಂದ ಬಾಗಿಲವಾಡದಲ್ಲಿ ಒಂದು ಮೊಳೆ ಉಳಿದಿರುತ್ತದೆ, ಬ್ಲೇಡಿಗೆ ತಾಗಿ ಕಿಡಿಯಾಗಿ ನೇರ ಚೀಲಕ್ಕೆ ಹೋಗುತ್ತದೆ. ಹೊಟ್ಟಿನ ಚೀಲದಲ್ಲಿ ಅದು ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ರಾತ್ರಿಯೆಲ್ಲ ಇರುತ್ತದೆ. ಮೊಳೆ ತಾಗಿದ ಸದ್ದು ಕೇಳಿದರೆ ನಿಲ್ಲಿಸಿ, ಚೀಲ ಬಿಚ್ಚಿ ಹೊರಗೆ ಸುರಿದುಬಿಡಿ. ಕಬ್ಬಿಣ ಗ್ರೈಂಡ್ ಮಾಡುವಾಗ ಕಲೆಕ್ಟರ್ ಹಾಕಲೇಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಹೊಟ್ಟಿನ ಹತ್ತಿರ ಮುದ್ದೆ ಮಾಡಿ ಎಸೆಯಬೇಡಿ. ಅದಕ್ಕೆ ಕಿಡಿಯೂ ಬೇಕಿಲ್ಲ, ತಾನಾಗಿಯೇ ಬಿಸಿಯಾಗಿ ಹತ್ತಿಕೊಳ್ಳುತ್ತದೆ.

ಸ್ಯಾಂಡರನ್ನು ಈ ಕಲೆಕ್ಟರಿಗೆ ಹಚ್ಚಲು ಹೋಗಬೇಡಿ. ಅದರ ಬಾಯಿ ಒಂದೂಕಾಲು ಇಂಚಿನ ಆಸುಪಾಸು, ಅಲ್ಲಿ ಸ್ಟ್ರಾ ಹಾಕಿ ಹೀರುವವರೇ ಬೇಕು, ಅಂದರೆ ವ್ಯಾಕ್ಯೂಮ್ ಕ್ಲೀನರ್. ಅದರ ಫಿಲ್ಟರ್ ಬೇಗ ಕಟ್ಟುವುದರಿಂದ ನಡುವೆ ಒಂದು ಸಣ್ಣ ಸೈಕ್ಲೋನ್ ಇಡಿ. ಅಕ್ಕಿ ಗಿರಣಿಯ ಮೇಲೆ ತಗಡಿನ ದೊಡ್ಡ ಲಾಳಿಕೆ ನೋಡಿರುತ್ತೀರಿ, ಅದರದೇ ಮರಿ. ಗಾಳಿ ಒಳಗೆ ಗಿರಗಿರ ತಿರುಗಿ, ದೂಳು ಅಂಚಿಗೆ ಬಡಿದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ನಾನು ಮೊದಲ ಸಲ ಖಾಲಿಯಾದ 20 ಲೀಟರಿನ ಪೇಂಟ್ ಬಕೆಟ್ ಇಟ್ಟಿದ್ದೆ. ಹೋಸಿನ ತುದಿ ಒಂದು ಪಾಲಿಥಿನ್ ಕವರನ್ನು ಎಳೆದುಕೊಂಡು ಬಾಯಿ ಮುಚ್ಚಿಕೊಂಡಿತು. ನನ್ನ ಕಣ್ಣೆದುರೇ ಬಕೆಟ್ ಡಬ್ ಅಂತ ಒಳಕ್ಕೆ ನುಗ್ಗಿ ಹಿಸುಕಿದ ಟೊಮೆಟೊ ಆಯಿತು. ಈಗ ಒಂದರೊಳಗೆ ಒಂದು, ಎರಡು ಬಕೆಟ್ ಇಡುತ್ತೇನೆ. ಎಳೆತ ಜಾಸ್ತಿಯಾಗಿ ಸ್ಯಾಂಡರ್ ಮರಕ್ಕೆ ಅಂಟಿಕೊಂಡಂತೆ ಅನ್ನಿಸಿದರೆ ವ್ಯಾಕ್ಯೂಮಿನ ವೇಗ ಇಳಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಮಾಸ್ಕ್ ಬೇಕು. ಮರದ ದೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಮೊದಲನೇ ಪಟ್ಟಿಗೆ ಸೇರಿಸಿದೆ. ಬೀಟೆಯ ದೂಳಿಗೆ ಎಷ್ಟೋ ಜನರ ಮೈ ತುರಿಸುತ್ತದೆ, ತೇಗಕ್ಕೂ ಕೆಲವರಿಗೆ ಆಗುತ್ತದೆ. ಕಲೆಕ್ಟರ್ ಜೊತೆ ಬಂದ ಬಟ್ಟೆಯ ಚೀಲ 30 ಮೈಕ್ರಾನಿನದಾಗಿದ್ದರೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಶ್ವಾಸಕೋಶಕ್ಕೆ ಇಳಿಯುವ ಸಣ್ಣ ದೂಳನ್ನು ಅದು ಜರಡಿಯ ಹಾಗೆ ವಾಪಸ್ ಕೋಣೆಗೇ ಬಿಡುತ್ತದೆ. ಕಲೆಕ್ಟರ್ ಹೊರಗಿಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಒಳಗೇ ಇಡಬೇಕೆಂದರೆ 1 ಮೈಕ್ರಾನಿನ ಫಿಲ್ಟರ್ ಹಾಕಿಸಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯುವ ದಿನ ಎನ್-95 ತಪ್ಪಿಸಬೇಡಿ.

ಮುಂದೆ ಹೊಸ ಹೋಸ್ ಕೊಳ್ಳುವಾಗ ಒಳಗೆ ನುಣುಪಾಗಿರುವ ಪಾರದರ್ಶಕ ಪಿಯು (ಪಾಲಿಯುರೆಥೇನ್) ಹೋಸ್ ನೋಡಿ. ದುಬಾರಿ, ಆದರೆ ಎಲ್ಲಿ ಕಟ್ಟಿಕೊಂಡಿದೆ ಅಂತ ಕಣ್ಣಿಗೇ ಕಾಣುತ್ತದೆ. ಅಲುಗಾಡದ ಜಾಗಕ್ಕಾದರೆ ರೈತರು ಪಂಪ್‌ಸೆಟ್ಟಿಗೆ ಹಾಕುವ ಹಸಿರು ಸಕ್ಷನ್ ಹೋಸ್ ಕೂಡ ನಡೆಯುತ್ತದೆ. ಗಟ್ಟಿ, ಬೇಗ ಬಾಗುವುದಿಲ್ಲ. ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಪೈಪ್ ಮಾತ್ರ ಬೇಡ. ಪ್ಲೇನರಿನ ಚಕ್ಕೆ ಬಡಿದು ಬೇಗ ಹರಿಯುತ್ತದೆ.

ಕೊನೆಗೆ ನಿಮ್ಮ 30 ಅಡಿ. ದಂಡ ಆಗಿಲ್ಲ. ಅದರಲ್ಲಿ 8 ಅಡಿ ಕತ್ತರಿಸಿ, ಕಲೆಕ್ಟರಿನಿಂದ ಟೇಬಲ್ ಸಾ ಮತ್ತು ಪ್ಲೇನರಿಗೆ ಸರದಿಯಲ್ಲಿ ಅದೇ ಸಾಕು. ಪೈಪ್ ಹಾಕಿದರೆ ಮೈಟರ್ ಸಾದ ಹತ್ತಿರ 3 ಅಡಿ, ಪೈಪಿನಿಂದ ಕಲೆಕ್ಟರಿನ ಬಾಯಿಗೆ 2 ಅಡಿ. ಕತ್ತರಿಸುವಾಗ ಎರಡು ತಂತಿಗಳ ನಡುವೆ ಚಾಕುವಿನಿಂದ ಸುತ್ತ ಕೊಯ್ದು, ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ತುಂಡರಿಸಿ. ತಂತಿಯ ತುದಿಯನ್ನು ಹೊರಗೆ ಬಿಡಬೇಡಿ, ಕೈಗೆ ಚುಚ್ಚಿದರೆ ಆಳವಾಗಿಯೇ ಚುಚ್ಚುತ್ತದೆ. ಹಿಂದಕ್ಕೆ ಮಡಚಿ ಟೇಪ್ ಸುತ್ತಿ. ಉಳಿದದ್ದನ್ನು ಸುರುಳಿ ಸುತ್ತಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಸೂರಿನ ಕೊಕ್ಕೆಗೆ ತೂಗುಹಾಕಿ. ಬಾಯಿ ತೆರೆದಿಟ್ಟರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ನೆಲದಲ್ಲಿಟ್ಟರೆ ಇಲಿ ಕಡಿಯುತ್ತದೆ.